ಮೊಸಳೆ ಲೆಕ್ಕದ ದಿನಚರಿ: ಬಿಸಿ ಮರಳು, ಏಳು ವರ್ಷದ ತಡ

ಕಳೆದ ದೀಪಾವಳಿ ರಜೆಯಲ್ಲಿ ಕೈಗೆತ್ತಿಕೊಂಡ ಮೊಸಳೆ ಲೆಕ್ಕ ಈ ಏಪ್ರಿಲ್ ಕೊನೆಗೆ ಒಂದು ಹದಕ್ಕೆ ಬಂದಿದೆ. ಇಲ್ಲಿಯವರೆಗೆ ಆದದ್ದನ್ನೂ ತಪ್ಪಿದ್ದನ್ನೂ ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ನಾನು ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುವವನು, ಜೀವಶಾಸ್ತ್ರ ನನ್ನ ವಿಷಯವಲ್ಲ. ಆದರೆ ವರ್ಷದಿಂದ ವರ್ಷಕ್ಕೆ ಬಿಸಿಲು ಏರುತ್ತಿರುವಾಗ ರಂಗನತಿಟ್ಟಿನ ಬಂಡೆಗಳ ಮೇಲೆ ಬಾಯಿ ತೆರೆದು ಮಲಗುವ ಮೊಸಳೆಗಳ ಸಂತತಿ ಏನಾದೀತು ಎಂಬ ಪ್ರಶ್ನೆ ಹಲವು ದಿನಗಳಿಂದ ನನ್ನನ್ನು ಬಿಟ್ಟಿರಲಿಲ್ಲ.

ಕಾವೇರಿಯಲ್ಲಿರುವುದು ಮಗ್ಗರ್ ಜಾತಿಯ ಮೊಸಳೆ. ತಾಯಿ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳಲ್ಲಿ ದಡದಲ್ಲಿ ಗುಂಡಿ ತೋಡಿ, ಸಾಮಾನ್ಯವಾಗಿ 25ರಿಂದ 30 ಮೊಟ್ಟೆಗಳನ್ನಿಟ್ಟು ಮುಚ್ಚುತ್ತದೆ. ಸುಮಾರು ಎರಡು ತಿಂಗಳ ಬಳಿಕ ಮರಿಗಳು ಹೊರಬರುತ್ತವೆ. ಮೊಸಳೆಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ವರ್ಣತಂತುಗಳಲ್ಲ, ಕಾವಿನ ಅವಧಿಯ ನಡುಭಾಗದಲ್ಲಿ ಗೂಡಿನೊಳಗಿರುವ ಶಾಖ. ಜೆಫ್ರಿ ಲ್ಯಾಂಗ್, ಹ್ಯಾರಿ ಆಂಡ್ರೂಸ್ ಮತ್ತು ರಾಮ್ಯುಲಸ್ ವಿಟೇಕರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಗ್ಗರ್ ಮೊಟ್ಟೆಗಳನ್ನು 28ರಿಂದ 31 ಡಿಗ್ರಿಯವರೆಗಿನ ಸ್ಥಿರ ಶಾಖದಲ್ಲಿಟ್ಟರೆ ಬರುವವೆಲ್ಲ ಹೆಣ್ಣು, 32.5 ಡಿಗ್ರಿಯಲ್ಲಿ ಬರುವವೆಲ್ಲ ಗಂಡು, ಅದಕ್ಕಿಂತ ಮೇಲೆ ಎರಡೂ ಬೆರೆತು ಬರುತ್ತವೆ. ಎಲ್ಲ ಹೆಣ್ಣಿನಿಂದ ಎಲ್ಲ ಗಂಡಿಗೆ ದಾಟಲು ಒಂದೂವರೆ ಡಿಗ್ರಿ ಸಾಕು. ಈ ಒಂದು ಸಾಲನ್ನು ಓದಿದ ದಿನವೇ ಲೆಕ್ಕ ಮಾಡಬೇಕೆಂದು ಕುಳಿತೆ.

ಸಾಧನವಾಗಿ ಆರಿಸಿಕೊಂಡದ್ದು ಪ್ಯಾಟ್ರಿಕ್ ಲೆಸ್ಲಿ 1945ರಲ್ಲಿ ವಿವರಿಸಿದ ಮಾತೃಕೆ, ಅಂದರೆ ಅಂಕಿಗಳನ್ನು ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಚೌಕ. ಒಂದು ವರ್ಷದವು ಎಷ್ಟು, ಎರಡು ವರ್ಷದವು ಎಷ್ಟು ಎಂದು ಹೆಣ್ಣುಗಳನ್ನು ವಯಸ್ಸಿನ ಪ್ರಕಾರ ಒಂದು ಕಂಬಸಾಲಿನಲ್ಲಿ ಬರೆದುಕೊಳ್ಳಬೇಕು. ಮಾತೃಕೆಯ ಮೊದಲ ಅಡ್ಡಸಾಲಿನಲ್ಲಿ ಪ್ರತಿ ವಯಸ್ಸಿನ ಹೆಣ್ಣು ಕೊಡುವ ಹೆಣ್ಣುಮರಿಗಳ ಸಂಖ್ಯೆ, ಕರ್ಣದ ಕೆಳಗಿನ ಮನೆಗಳಲ್ಲಿ ಮುಂದಿನ ವರ್ಷಕ್ಕೆ ಬದುಕಿ ದಾಟುವವುಗಳ ಪಾಲು. ಎರಡನ್ನೂ ಗುಣಿಸಿದರೆ ಮುಂದಿನ ವರ್ಷದ ಸಂತತಿ ಸಿಗುತ್ತದೆ. ಗುಣಿಸುತ್ತಲೇ ಹೋದರೆ ವಯಸ್ಸುಗಳ ಅನುಪಾತ ಒಂದು ಸ್ಥಿರ ರೂಪಕ್ಕೆ ಬಂದು, ಒಟ್ಟು ಸಂಖ್ಯೆ ಪ್ರತಿವರ್ಷ ಒಂದೇ ಗುಣಕದಿಂದ ಏರುತ್ತದೆ ಇಲ್ಲವೇ ಇಳಿಯುತ್ತದೆ. ಆ ಗುಣಕವೇ ಮಾತೃಕೆಯ ಅತಿ ದೊಡ್ಡ ಐಗನ್ ಮೌಲ್ಯವಾದ ಲ್ಯಾಮ್ಡಾ. ಅದು 1ಕ್ಕಿಂತ ಹೆಚ್ಚಿದ್ದರೆ ಬೆಳವಣಿಗೆ, ಕಡಿಮೆಯಿದ್ದರೆ ಕ್ಷಯ.

ನಾನು ಇಟ್ಟುಕೊಂಡ ಅಂಕಿಗಳು ರಂಗನತಿಟ್ಟಿನಲ್ಲಿ ಅಳೆದವಲ್ಲ, ಲೆಕ್ಕ ಓಡಿಸಿ ನೋಡಲು ಊಹಿಸಿದವು. ಗೂಡಿಗೆ 25 ಮೊಟ್ಟೆ, ಅದರಲ್ಲಿ ಅರ್ಧ ಮರಿಯಾಗುವುದು, ಮರಿಗಳಲ್ಲಿ ಅರ್ಧ ಹೆಣ್ಣು, ಮೊದಲ ವರ್ಷ ಉಳಿಯುವವು ನೂರಕ್ಕೆ 10, ಆಮೇಲೆ ಏಳನೆಯ ವಯಸ್ಸಿನವರೆಗೆ ವರ್ಷಕ್ಕೆ ನೂರಕ್ಕೆ 75, ಬೆಳೆದ ಮೇಲೆ ನೂರಕ್ಕೆ 92. ಏಳು ತುಂಬಿದ ಹೆಣ್ಣುಗಳಲ್ಲಿ ಪ್ರತಿವರ್ಷ ಗೂಡು ಮಾಡುವವು ನೂರಕ್ಕೆ 70.

ಡಿಸೆಂಬರ್‌ನಲ್ಲಿ ಎಕ್ಸೆಲ್ ಹಾಳೆಯಲ್ಲಿ ಇದನ್ನು ಓಡಿಸಿದಾಗ ಲ್ಯಾಮ್ಡಾ 1.19 ಎಂದು ಬಂತು. ಆ ದರದಲ್ಲಿ ಮೂವತ್ತು ವರ್ಷಕ್ಕೆ ಸಂತತಿ 190 ಪಟ್ಟು ಆಗಬೇಕು, ಅಂದರೆ ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಯಾರೂ ನೀರಿಗಿಳಿಯುವಂತಿಲ್ಲ. ಎಲ್ಲಿ ತಪ್ಪಿದೆ ಎಂದು ಹುಡುಕಲು ಮೂರು ವಾರ ಹಿಡಿಯಿತು. ನಾನು ಪ್ರಾಣಿಗಳನ್ನು ಎಣಿಸುತ್ತಿದ್ದುದು ಮೊಟ್ಟೆಯಿಡುವ ಕಾಲಕ್ಕೆ ಸ್ವಲ್ಪ ಮುಂಚೆ, ಆಗ ಅತಿ ಚಿಕ್ಕದಕ್ಕೂ ಒಂದು ವರ್ಷ ತುಂಬಿರುತ್ತದೆ. ಹಾಗಿದ್ದಮೇಲೆ ಮೊದಲ ಅಡ್ಡಸಾಲಿನಲ್ಲಿ ಬರೀ ಮರಿಗಳ ಸಂಖ್ಯೆ ಬರೆದರೆ ಸಾಲದು, ಅದನ್ನು ಮೊದಲ ವರ್ಷದ ಉಳಿವಿನಿಂದಲೂ ಗುಣಿಸಬೇಕು. ಆ 0.1 ಎಂಬ ಗುಣಕ ನನ್ನ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಸೇರಿಸಿದ ಕೂಡಲೇ ಲ್ಯಾಮ್ಡಾ 0.999ಕ್ಕೆ ಇಳಿಯಿತು. ಇಂಥ ಲೆಕ್ಕಕ್ಕೆ ಕೂರುವವರು ಅಂಕಿಗಳನ್ನು ತುಂಬುವ ಮೊದಲೇ, ಎಣಿಕೆ ವರ್ಷದ ಯಾವ ದಿನದ್ದು ಎಂದು ಹಾಳೆಯ ತಲೆಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ಜನವರಿಯಲ್ಲಿ ಒಂದೊಂದೇ ಅಂಕಿಯನ್ನು ಅಲುಗಿಸಿ ನೋಡಿದೆ. ಬೆಳೆದ ಹೆಣ್ಣುಗಳ ಉಳಿವನ್ನು 92ರಿಂದ 94ಕ್ಕೆ ಏರಿಸಿದರೆ ಲ್ಯಾಮ್ಡಾ 1.012 ಆಗುತ್ತದೆ, ಅಷ್ಟೇ ಲಾಭ ಮೊಟ್ಟೆಗಳಿಂದ ಬರಬೇಕಾದರೆ ಮರಿಯಾಗುವ ಪ್ರಮಾಣ 50ರಿಂದ 64ಕ್ಕೆ ಏರಬೇಕು. ಡೆಬೊರಾ ಕ್ರೌಸ್ ಮತ್ತು ಸಂಗಡಿಗರು ಲಾಗರ್‌ಹೆಡ್ ಕಡಲಾಮೆಗಳ ಬಗ್ಗೆ 1987ರಲ್ಲಿ ತೋರಿಸಿದ್ದೂ ಇದೇ ಬಗೆಯದು: ಗೂಡು ಕಾಯುವುದಕ್ಕಿಂತ ಬೆಳೆದ, ಬೆಳೆಯುತ್ತಿರುವ ಆಮೆಗಳನ್ನು ಉಳಿಸಿಕೊಳ್ಳುವುದರ ಫಲ ದೊಡ್ಡದು. ದೀರ್ಘಾಯುಷ್ಯದ ಪ್ರಾಣಿಗಳ ಲೆಕ್ಕ ಹೀಗೆಯೇ ಇರುತ್ತದೆ.

ಮಾರ್ಚ್‌ನಲ್ಲಿ ಶಾಖದ ಕಡೆಗೆ ತಿರುಗಿದೆ. ಹವಾಮಾನ ವರದಿಯಲ್ಲಿ ಬರುವುದು ಗಾಳಿಯ ಉಷ್ಣಾಂಶ, ಮೊಟ್ಟೆಗೆ ತಾಗುವುದು ಮರಳಿನದು. ಅಭಯಾರಣ್ಯದೊಳಗೆ ಅಗೆಯುವ ಮಾತೇ ಇಲ್ಲ. ಆದ್ದರಿಂದ ಮನೆ ಕಟ್ಟಿಸಿದಾಗ ಉಳಿದಿದ್ದ ಮರಳನ್ನು ತುಂಬಿ ಹಿತ್ತಲಿನಲ್ಲಿ ಎರಡು ಗುಂಡಿ ಮಾಡಿದೆ, ಒಂದು ಬಯಲಿನಲ್ಲಿ, ಇನ್ನೊಂದು ಹೊಂಗೆ ಮರದ ಕೆಳಗೆ. ಎರಡರಲ್ಲೂ 40 ಸೆಂಟಿಮೀಟರ್ ಆಳದಲ್ಲಿ ತಂತಿಯ ತುದಿಯ ಥರ್ಮಾಮೀಟರ್ ಹೂತಿಟ್ಟು ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಒಂಬತ್ತಕ್ಕೆ ಬರೆದುಕೊಂಡೆ. ಮಧ್ಯಾಹ್ನ ಬಯಲಿನ ಮರಳ ಮೇಲೆ ಬರಿಗಾಲು ಊರಲಾಗದಿದ್ದರೂ ಕೆಳಗೆ ಇಡೀ ದಿನದ ಏರಿಳಿತ ಒಂದು ಡಿಗ್ರಿಯೊಳಗೇ ಇತ್ತು. ಐದು ವಾರಗಳ ಸರಾಸರಿ ಬಯಲಿನಲ್ಲಿ 31.4 ಡಿಗ್ರಿ, ನೆರಳಿನಲ್ಲಿ 28.8. ಒಂದೇ ಹಿತ್ತಲಿನ ಎರಡು ಮೂಲೆಗಳ ನಡುವೆಯೇ ಎರಡೂವರೆ ಡಿಗ್ರಿಗೂ ಮೀರಿದ ಅಂತರ ಕಂಡಾಗ, ತಾಯಿ ಗೂಡಿಗೆ ಯಾವ ಜಾಗ ಆರಿಸುತ್ತದೆ ಎಂಬುದೇ ಲೆಕ್ಕದ ಮುಖ್ಯ ಭಾಗವೆಂದು ಮನವರಿಕೆಯಾಯಿತು. ದಡದ ಮರಗಳ ನೆರಳು ಉಳಿದರೆ ತಾಯಿಗೆ ಆಯ್ಕೆ ಇರುತ್ತದೆ.

ಯುಗಾದಿಯ ಮರುದಿನ ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಸುತ್ತುವಾಗ, ಅಷ್ಟು ಹತ್ತಿರ ಮಲಗಿದ್ದ ಮೊಸಳೆ ಹೆಣ್ಣೇ ಎಂದು ದೋಣಿ ನಡೆಸುತ್ತಿದ್ದವರನ್ನು ಕೇಳಿದೆ. ಅವರು ಹುಟ್ಟು ಎತ್ತಿ ಹಿಡಿದು, “ಗಂಡೋ ಹೆಣ್ಣೋ ನೋಡಿ ಹೆಂಗೆ ಹೇಳಾದು ಸಾ, ದೊಡ್ಡದು ಚಿಕ್ಕದು ಅಷ್ಟೇಯ ಕಾಣಾದು” ಎಂದರು. ಮೊಸಳೆ ಕದಲಲಿಲ್ಲ, ತೆರೆದ ದವಡೆಯ ಒಳಗಿನ ಹಳದಿ ಚರ್ಮ, ಬೆನ್ನಿನ ಮೇಲೆ ಒಣಗಿ ಬಿರಿದ ಕೆಸರು ಸ್ಪಷ್ಟವಾಗಿ ಕಾಣುತ್ತಿದ್ದವು. ಅವರ ಆ ಮಾತೇ ಮುಂದಿನ ಲೆಕ್ಕಕ್ಕೆ ದಾರಿಯಾಯಿತು.

ಅಲ್ಲಿಯವರೆಗೆ ನನ್ನ ಮಾತೃಕೆಯಲ್ಲಿ ಹೆಣ್ಣುಗಳು ಮಾತ್ರ ಇದ್ದವು. ಈಗ ಗಂಡುಗಳಿಗೂ ಅಷ್ಟೇ ಮನೆಗಳನ್ನು ಸೇರಿಸಿ, ಎರಡಕ್ಕೂ ಒಂದೇ ಉಳಿವು ಇಟ್ಟು, ಗೂಡುಗಳು ಬಿಸಿಯಾಗಿ ಹೆಣ್ಣುಮರಿಗಳ ಪಾಲು ಒಮ್ಮೆಲೇ ಅರ್ಧದಿಂದ ಐದರಲ್ಲಿ ಒಂದಕ್ಕೆ ಇಳಿಯಿತೆಂದು ಭಾವಿಸಿ ಓಡಿಸಿದೆ. ಬಹುಕಾಲದ ಲ್ಯಾಮ್ಡಾ 0.96ಕ್ಕೆ ಬೀಳುತ್ತದೆ, ಅಂದರೆ ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಕ್ಷಯ. ಆದರೆ ಮೊದಲ ಏಳು ವರ್ಷ ಒಟ್ಟು ಮೊಸಳೆಗಳ ಎಣಿಕೆಯಲ್ಲಿ ಈ ಬದಲಾವಣೆಯ ಸುಳಿವೇ ಇರುವುದಿಲ್ಲ. ಗೂಡು ಮಾಡುವ ಹೆಣ್ಣುಗಳೆಲ್ಲ ಹಳೆಯವೇ, ಮರಿಗಳೂ ಮೊದಲಿನಷ್ಟೇ, ಹೆಣ್ಣಿನ ಬದಲು ಗಂಡು ಹುಟ್ಟುತ್ತಿರುತ್ತದೆ ಅಷ್ಟೇ. ಏಳನೆಯ ವರ್ಷದಿಂದ ಕೊರತೆ ತಾಯಂದಿರ ಸಾಲಿಗೆ ಬರತೊಡಗಿ, ಹದಿಮೂರನೆಯ ವರ್ಷಕ್ಕೆ 100 ಇದ್ದ ಬೆಳೆದ ಹೆಣ್ಣುಗಳು 72 ಆಗುತ್ತವೆ. ಬಂಡೆಗಳ ಮೇಲೆ ಎಷ್ಟು ಮಲಗಿವೆ ಎಂದು ಎಣಿಸಿದರೆ ಇದು ಹೊತ್ತಿಗೆ ಸರಿಯಾಗಿ ತಿಳಿಯುವುದಿಲ್ಲ. ಪ್ರತಿವರ್ಷ ಎಷ್ಟು ಗೂಡುಗಳಾದವು, ಮರಿಗಳಲ್ಲಿ ಹೆಣ್ಣೆಷ್ಟು ಎಂದು ನೋಡಬೇಕಾಗುತ್ತದೆ. ಈ ಐದೂವರೆ ತಿಂಗಳಲ್ಲಿ ನಾನು ಕಲಿತದ್ದರಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಇದು.

ಉಳಿದಿರುವ ಕೆಲಸ ಎರಡು. ಶಾಖ ಒಮ್ಮೆಲೇ ಏರದೆ ವರ್ಷವರ್ಷ ಸ್ವಲ್ಪಸ್ವಲ್ಪವಾಗಿ ಏರುವಂತೆ, ಕೆಲವು ತಾಯಂದಿರು ನೆರಳಿನ ಜಾಗವನ್ನು ಆರಿಸುವಂತೆ ಮೊದಲ ಅಡ್ಡಸಾಲನ್ನು ಪ್ರತಿವರ್ಷ ಬದಲಿಸಬೇಕು. ಕನ್ನಂಬಾಡಿ ಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ಮರಿಗಳ ಉಳಿವು ಕುಸಿಯುವಂತೆಯೂ ಒಂದು ಪ್ರತಿ ಮಾಡಬೇಕು. ಹಿತ್ತಲಿನ ಗುಂಡಿಗಳನ್ನು ಮುಂಗಾರು ಹಿಡಿಯುವವರೆಗೆ ಮುಚ್ಚುವುದಿಲ್ಲ. ಮೊದಲ ಜೋರು ಮಳೆಗೆ 40 ಸೆಂಟಿಮೀಟರ್ ಕೆಳಗೆ ಮರಳು ಎಷ್ಟು ತಣಿಯುತ್ತದೆ ಎಂದು ಬರೆದುಕೊಳ್ಳಲು ಹಾಳೆಯಲ್ಲಿ ಒಂದು ಕಂಬಸಾಲನ್ನು ಖಾಲಿ ಬಿಟ್ಟಿದ್ದೇನೆ.