ಎಸ್ಲಿಂಗನ್‌ನಲ್ಲಿ ಹತ್ತು ವರ್ಷ, ಶಿರಸಿಯಲ್ಲಿ ಇಪ್ಪತ್ತು ಗುಂಟೆ

ಹೋದ ಡಿಸೆಂಬರಿನಲ್ಲಿ ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೆ ಶಿರಸಿ ಸೀಮೆಯ ನಮ್ಮ ಮನೆಗೆ ಹೋಗಿದ್ದಾಗ, ನಮ್ಮ ತೋಟಕ್ಕೆ ತಾಗಿಕೊಂಡಿರುವ 20 ಗುಂಟೆ ಅಡಿಕೆ ತೋಟವನ್ನು ನೆರೆಯವರು ಮಾರುತ್ತಿದ್ದಾರೆಂದು ಅಪ್ಪಯ್ಯ ಹೇಳಿದ. ದುಡ್ಡು ನನ್ನ ಬಳಿ ಇತ್ತು. ಆದರೆ ಅನಿವಾಸಿ ಭಾರತೀಯನು ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ಕ್ರಯಕ್ಕೆ ಪಡೆಯುವಂತಿಲ್ಲ, ಹಿರಿಯರಿಂದ ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು ಎಂಬ ವಿದೇಶಿ ವಿನಿಮಯ ಕಾನೂನಿನ ನಿಯಮ ಆಗಲೇ ನನಗೆ ಸರಿಯಾಗಿ ಗೊತ್ತಾದದ್ದು. ನನ್ನ ಪಾಸ್‌ಪೋರ್ಟು ಇವತ್ತಿಗೂ ಭಾರತದ್ದೇ. ಊರಿನ ಮಣ್ಣನ್ನು ಕೊಳ್ಳುವ ಹಕ್ಕು ಮಾತ್ರ, ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್ ಎಂಬ ಪಟ್ಟಣದಲ್ಲಿ ನಾನು ನೆಲೆಯೂರಿದಾಗಲೇ, ನನಗೆ ತಿಳಿಯದೆಯೇ ಕೈತಪ್ಪಿತ್ತು.

2015ರಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಹೊರಟಾಗ ನಾನು ಮಾಡಿದ್ದು ಬರೀ ಗುಣಾಕಾರ. ಸಂಬಳದ ಯೂರೋವನ್ನು ರೂಪಾಯಿಗೆ ಗುಣಿಸಿದೆ, ಕಣ್ಣು ತುಂಬಿತು. ಆದಾಯ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆಗಳೆಲ್ಲ ಕಳೆದು, ಒಂಟಿಯಾಗಿದ್ದ ನನಗೆ 100 ಯೂರೋದಲ್ಲಿ ಕೈಗೆ ಬಂದದ್ದು ಸುಮಾರು 60. ಇದನ್ನು ನಷ್ಟವೆಂದು ಬರೆಯಲು ಈಗ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಮಗಳು ಹುಟ್ಟಿದಾಗ ಆಸ್ಪತ್ರೆಯ ಬಿಲ್ಲಿನ ಚಿಂತೆಯೇ ನಮಗಿರಲಿಲ್ಲ. ಆದರೆ ಹೊರಡುವವರು ಗುಣಾಕಾರಕ್ಕೆ ಮೊದಲು ವ್ಯವಕಲನ ಮಾಡಿಕೊಳ್ಳುವುದು ಒಳ್ಳೆಯದು. ಬಾಡಿಗೆ ಮನೆಗಳದ್ದು ಇನ್ನೊಂದು ಕಥೆ. ಇಲ್ಲಿನ ಅನೇಕ ಮನೆಗಳಲ್ಲಿ ಅಡುಗೆಮನೆಯೆಂದರೆ ನಾಲ್ಕು ಗೋಡೆ ಮತ್ತು ಒಂದು ನಲ್ಲಿಯ ಕೊಳವೆ. ಒಲೆ, ಸಿಂಕು, ಕಪಾಟುಗಳನ್ನು ಬಾಡಿಗೆದಾರನೇ ತಂದು ಕೂರಿಸಿ, ಬಿಡುವಾಗ ಕಳಚಿ ಒಯ್ಯಬೇಕು. ಮೊದಲ ಮೂರು ವಾರ ನಾನು ನೆಲದ ಮೇಲಿಟ್ಟ ವಿದ್ಯುತ್ ಒಲೆಯಲ್ಲಿ ಅನ್ನ ಬೇಯಿಸಿ, ಪಾತ್ರೆಗಳನ್ನು ಬಚ್ಚಲಿನಲ್ಲಿ ತೊಳೆದೆ.

ಈ ಸೀಮೆಯಲ್ಲಿ 'ಕೇರ್‌ವೋಖೆ' ಎಂಬ ಪದ್ಧತಿ ಇದೆ. ಬಾಗಿಲಿಗೆ ಒಂದು ಹಲಗೆ ತೂಗುಹಾಕಿದರೆ ಆ ವಾರ ಮೆಟ್ಟಿಲು, ಅಂಗಳ, ಕಾಲುದಾರಿ ಗುಡಿಸುವ ಪಾಳಿ ನಮ್ಮದು. ಹಲಗೆ ಕಂಡ ಮೊದಲ ದಿನ ಅವಮಾನವೆನಿಸಿತ್ತು. ಊರಿನಲ್ಲಿ ಆಯಿ, ಅಂದರೆ ಅಮ್ಮ, ಬೆಳಿಗ್ಗೆ ಎದ್ದವಳೇ ಅಂಗಳ ಗುಡಿಸುತ್ತಿದ್ದುದನ್ನು ನೋಡುತ್ತಲೇ ಬೆಳೆದ ನಾನು ಒಮ್ಮೆಯೂ ಹಿಡಿಸುಂಡಿ ಮುಟ್ಟಿರಲಿಲ್ಲ ಎಂಬುದು ನೆನಪಾದದ್ದು ಆಮೇಲೆ.

ಭಾಷೆಯ ವಿಷಯಕ್ಕೆ ಬಂದರೆ, ನಾನಿರುವ ಪಟ್ಟಣ ನನ್ನನ್ನು ಸುಮ್ಮನೆ ಇರಗೊಡುವುದಿಲ್ಲ. 1843ರಲ್ಲಿ 'ಮಂಗಳೂರು ಸಮಾಚಾರ' ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇದೇ ಎಸ್ಲಿಂಗನ್‌ನಲ್ಲಿ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟೆಲ್ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ಕಣ್ಮುಚ್ಚಿದ ತ್ಯೂಬಿಂಗನ್ ಇಲ್ಲಿಂದ ದೂರವೇನಲ್ಲ. ಅವರು ಬಂದದ್ದು ಮತಪ್ರಚಾರಕ್ಕೆ, ನಿಜ. ಆದರೂ ನಮ್ಮವರ ಬಾಯಿಯ ಮಾತನ್ನು ಕಿವಿಗೊಟ್ಟು ಕೇಳಿಕೊಂಡರು. ನಾನು ಜರ್ಮನ್ ಭಾಷೆಯ ಮಧ್ಯಮ ಹಂತದ ಬಿ-1 ಪರೀಕ್ಷೆ ಪಾಸು ಮಾಡಿದ್ದೇನೆ, ತೆರಿಗೆ ಕಚೇರಿಯ ಪತ್ರ ಓದಬಲ್ಲೆ. ಪಕ್ಕದ ಮನೆಯ ಅಜ್ಜಿ ಶ್ವಾಬಿಶ್ ಆಡುನುಡಿಯಲ್ಲಿ ಹಾಸ್ಯ ಮಾಡಿದರೆ ಅರ್ಧ ನಿಮಿಷ ತಡವಾಗಿ ನಗುತ್ತೇನೆ. ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆ ಎಂಬ ಅನುಕೂಲವೇ ಮೊದಲ ನಾಲ್ಕು ವರ್ಷ ನನ್ನನ್ನು ಸೋಮಾರಿಯನ್ನಾಗಿ ಮಾಡಿತು. ಇನ್ನು ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತಾಳೆ. ಅಜ್ಜ ಫೋನಿನಲ್ಲಿ ಸಿಕ್ಕರೆ ಮಾತ್ರ, ಪದ ಹುಡುಕುತ್ತ ಹುಡುಕುತ್ತ, ಕನ್ನಡ.

ಆ ಫೋನಿನ ಹೊತ್ತೂ ವರ್ಷಕ್ಕೆ ಎರಡು ಸಲ ಕೆಡುತ್ತದೆ. ಮಾರ್ಚಿನ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಇಲ್ಲಿ ಗಡಿಯಾರ ತಿದ್ದುವುದರಿಂದ, ಊರಿಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯ ಅಂತರ. ಕೆಲಸ ಮುಗಿಸಿ ಫೋನು ಮಾಡುವ ಹೊತ್ತಿಗೆ ಚಳಿಗಾಲದಲ್ಲಿ ಆಯಿ ಮಲಗಿರುತ್ತಾಳೆ. ಎಚ್ಚರವಿದ್ದರೆ 'ಊಟ ಆತ ತಮಾ?' ಎಂದು ಕೇಳಿ ಫೋನನ್ನು ಅಪ್ಪಯ್ಯನಿಗೆ ಕೊಡುತ್ತಾಳೆ. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಅಪ್ಪಯ್ಯ ಹಾವಸೆ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ, ಆಸ್ಪತ್ರೆಗೆ ಒಯ್ದದ್ದು ಚಿಕ್ಕಪ್ಪನ ಮಗ. ನನಗೆ ಸುದ್ದಿ ಮುಟ್ಟಿದ್ದು ಶಸ್ತ್ರಚಿಕಿತ್ಸೆ ಮುಗಿದು ಮೂರನೆಯ ದಿನ. ಅಷ್ಟು ದೂರದಲ್ಲಿರುವವನಿಗೆ ಹೇಳಿ ಗಾಬರಿ ಮಾಡುವುದೇಕೆ ಎಂದು ಎಲ್ಲರೂ ಕೂಡಿ ತೀರ್ಮಾನಿಸಿದ್ದರಂತೆ. ಅವರ ಮೇಲೆ ಸಿಟ್ಟು ಬರಲಿಲ್ಲ. ಆ ಮನೆಯ ತೀರ್ಮಾನಗಳಲ್ಲಿ ನನ್ನ ಜಾಗ ಬದಲಾಗಿದೆ ಎಂಬುದು ಸ್ಪಷ್ಟವಾಯಿತು. ದುಡ್ಡಿನ ವಿಷಯಕ್ಕೆ ನನಗೆ ಮೊದಲ ಫೋನು, ನೋವಿನ ವಿಷಯಕ್ಕೆ ಕೊನೆಯದು.

2024ರ ಜೂನ್ 27ರಿಂದ ಜರ್ಮನಿಯ ಪೌರತ್ವ ಕಾನೂನು ಸಡಿಲವಾಗಿದೆ. ಎಂಟು ವರ್ಷದ ಬದಲು ಐದು ವರ್ಷದ ವಾಸ ಸಾಕು, ಹಳೆಯ ಪೌರತ್ವವನ್ನು ಬಿಡಬೇಕಾಗಿಯೂ ಇಲ್ಲ. ಕಚೇರಿಯ ತುರ್ಕಿ ಗೆಳೆಯರು ಹಿಗ್ಗಿದರು. ನಮಗೆ ಆ ಬಾಗಿಲು ತೆರೆದರೂ ತೆರೆದಂತಲ್ಲ, ಏಕೆಂದರೆ ಬೇರೆ ದೇಶದ ಪೌರತ್ವ ಪಡೆದ ಕ್ಷಣ ಭಾರತದ ಪೌರತ್ವ 1955ರ ಕಾಯಿದೆಯ ಪ್ರಕಾರ ತಾನೇ ಹೋಗುತ್ತದೆ. ಉಳಿಯುವುದು ಭಾರತ ಮೂಲದ ವಿದೇಶಿ ಪೌರರಿಗೆ ಸಿಗುವ ಒಸಿಐ ಕಾರ್ಡು. ಅದು ಜೀವನಪರ್ಯಂತದ ವೀಸಾದಂತೆಯೇ ಹೊರತು ಅದರಿಂದ ಮತ ಹಾಕಲಾಗದು, ತೋಟ ಕೊಳ್ಳಲಾಗದು. ಹೆಂಡತಿ ಅರ್ಜಿ ಹಾಕಿ ಆಗಿದೆ. ಅವಳ ವಾದ ಸರಳ: ಮಗಳು ಬೆಳೆಯುವುದು ಇಲ್ಲಿ, ಮತ ಹಾಕಬೇಕಾದದ್ದೂ ಇಲ್ಲಿಯೇ. ನಾನು ಅವಳ ಮಾತನ್ನು ಒಪ್ಪುತ್ತೇನೆ, ಆದರೂ ನನ್ನ ಅರ್ಜಿ ಅರ್ಧ ತುಂಬಿದ ಸ್ಥಿತಿಯಲ್ಲಿಯೇ ಇದೆ.

ಆ 20 ಗುಂಟೆಯ ವಿಷಯ ಹೇಳಿ ಮುಗಿಸಲಿಲ್ಲ. ಹಣ ಕಳಿಸುತ್ತೇನೆ, ನಿನ್ನ ಹೆಸರಿಗೇ ಕ್ರಯಪತ್ರ ಮಾಡಿಸು ಎಂದು ಅಪ್ಪಯ್ಯನಿಗೆ ಹೇಳಿದೆ. ಅದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ಚಪ್ಪರದ ಕೆಳಗೆ ಕೂತು ಅಡಿಕೆ ಸುಲಿಯುತ್ತಿದ್ದ ಆತ ಕತ್ತಿಯಿಂದ ಕಣ್ಣೆತ್ತದೆ, ಯಾರಿಗೆಂದು ಕೊಳ್ಳಲಿ ಎಂದ. ಏಪ್ರಿಲ್ ತಿಂಗಳಿನಲ್ಲಿ ಆ ತೋಟವನ್ನು ಪಕ್ಕದೂರಿನವರು ಕೊಂಡರು.