ಪಿಂಚಣಿ ದುಡ್ಡು ನಮ್ಮ ಖಾತೆಗೇ ಬಂದರೆ ಸಾಕಾ?

ಸರ್ಕಾರಿ ಪಿಂಚಣಿ ಬದಲು ದುಡಿಯುವವರ ಹೆಸರಲ್ಲೇ ಒಂದೊಂದು ಉಳಿತಾಯ ಖಾತೆ ತೆರೆಯೋಣ ಅನ್ನುವ ಮಾತು ಕೇಳೋಕೆ ಚೆನ್ನಾಗಿಯೇ ಇದೆ. ನನ್ನ ದುಡ್ಡು, ನನ್ನ ಹೆಸರು. ಆದರೆ ಬಹಳಷ್ಟು ದೇಶಗಳಲ್ಲಿ ಇವತ್ತು ದುಡಿಯುವವರು ಕಟ್ಟುವ ದುಡ್ಡೇ ಇವತ್ತಿನ ವಯಸ್ಸಾದವರ ಪಿಂಚಣಿಯಾಗಿ ಹೋಗುತ್ತದೆ. ಅದನ್ನು ಖಾತೆಗಳಿಗೆ ತಿರುಗಿಸಿದರೆ ಅವರಿಗೆ ಕೊಡುವವರು ಯಾರು? ಒಂದು ತಲೆಮಾರು ಎರಡೆರಡು ಸಲ ಕಟ್ಟಬೇಕು, ಇಲ್ಲವೇ ಸರ್ಕಾರ ಸಾಲ ಮಾಡಬೇಕು, ಅಲ್ವಾ?

ಚಿಲಿ 1981ರಲ್ಲಿ ಇದನ್ನು ಮಾಡಿಯೇ ಬಿಟ್ಟಿತು. ಸಂಬಳದ ಶೇ 10ರಷ್ಟು ಖಾಸಗಿ ಕಂಪನಿಗಳು ನೋಡಿಕೊಳ್ಳುವ ಖಾತೆಗೆ. ಆಗ ಅಲ್ಲಿದ್ದದ್ದು ಮಿಲಿಟರಿ ಸರ್ಕಾರ, ಅದು ಸೈನಿಕರನ್ನೂ ಪೊಲೀಸರನ್ನೂ ಮಾತ್ರ ಹಳೇ ಪದ್ಧತಿಯಲ್ಲೇ ಉಳಿಸಿಕೊಂಡಿತು. ನನಗೆ ಸಿಟ್ಟು ಬರುವುದು ಇಲ್ಲೇ. ಆಗಾಗ ಕೆಲಸ ಕಳೆದುಕೊಂಡವರು, ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದ ಹೆಂಗಸರು, ಇವರ ಖಾತೆಯಲ್ಲಿ ಜಾಸ್ತಿ ಏನೂ ಸೇರಲಿಲ್ಲ. ಕೊನೆಗೆ 2008ರಲ್ಲಿ ಬಡ ವೃದ್ಧರಿಗೆ ತೆರಿಗೆ ದುಡ್ಡಿನಿಂದಲೇ ಪಿಂಚಣಿ ಕೊಡುವ ಕಾನೂನು ತರಬೇಕಾಯಿತು.

ಇನ್ನು ಖಾತೆ ನೋಡಿಕೊಳ್ಳುವ ಕಂಪನಿಗಳು ಹಿಡಿಯುವ ಶುಲ್ಕ. ಖಾತೆಯಲ್ಲಿರುವ ದುಡ್ಡಿನಲ್ಲಿ ವರ್ಷಕ್ಕೆ ಶೇ 1 ತಾನೇ ಅನ್ನಿಸುತ್ತದೆ. ಆದರೆ 40 ವರ್ಷ ಹಾಗೇ ಹಿಡಿಯುತ್ತಾ ಹೋದರೆ, ಮೊದಲ ವರ್ಷ ಹಾಕಿದ ದುಡ್ಡು ಬೆಳೆದು ಆಗಬೇಕಿದ್ದ ಮೊತ್ತದಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಅದಕ್ಕೇ ಹೋಗುತ್ತದೆ.

ನನಗೆ ಸ್ವೀಡನ್ ದಾರಿ ಇಷ್ಟ. ಅಲ್ಲಿ ಸಂಬಳದಲ್ಲಿ ಪಿಂಚಣಿ ಲೆಕ್ಕಕ್ಕೆ ಹೋಗುವ ಶೇ 18.5ರಲ್ಲಿ 2.5 ಮಾತ್ರ ಸ್ವಂತ ಖಾತೆಗೆ, ಉಳಿದದ್ದು ಸಾರ್ವಜನಿಕ ವ್ಯವಸ್ಥೆಗೆ. ಸ್ವಂತ ಖಾತೆಯ ದುಡ್ಡನ್ನು ಷೇರುಪೇಟೆಯಲ್ಲಿ ಹಾಕಿದ್ದು, ಅದು ಬಿದ್ದ ವರ್ಷವೇ ನಿವೃತ್ತಿ ಆದರೂ ಪೂರ್ತಿ ಮುಳುಗುವುದಿಲ್ಲ.