ಯುದ್ಧದ ಸಿನಿಮಾ ಒಂದೇ ಹೇಳಿ ಅಂದರೆ: ‘ವಾಟರ್ಲೂ’

“ಯುದ್ಧದ ಸಿನಿಮಾ ಒಂದೇ ಒಂದು ನೋಡ್ಬೇಕು, ಯಾವುದು ನೋಡಲಿ?” ಅಂತ ಕೇಳುವವರಿಗೆಲ್ಲ ನಾನು ಹೇಳುವುದು 1970ರ ‘ವಾಟರ್ಲೂ’. ಹೇಳಿದ ತಕ್ಷಣ ಇನ್ನೊಂದು ಪ್ರಶ್ನೆ: “ಅದು ಸೋತ ಸಿನಿಮಾ ಅಲ್ವಾ?” ಹೌದು, ಹಾಕಿದ ದುಡ್ಡು ವಾಪಸ್ ಬರಲಿಲ್ಲ. ಆದರೂ ಅದನ್ನೇ ಹೇಳುತ್ತೇನೆ. ಅದರಲ್ಲಿ ಕಾಣುವ ಸೈನ್ಯ ನಿಜವಾದ ಸೈನ್ಯ.

ನಿರ್ದೇಶಕ ಸೋವಿಯತ್ ಒಕ್ಕೂಟದ ಸೆರ್ಗೆಯ್ ಬೊಂಡಾರ್ಚುಕ್, ನಿರ್ಮಾಪಕ ಇಟಲಿಯ ಡಿನೋ ಡಿ ಲಾರೆಂಟಿಸ್. ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್, ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ ಮತ್ತು ಅವನ ಜೊತೆಗಾರರ ಎದುರು ಸೋತ ಯುದ್ಧದ ಕಥೆ ಇದು. ಆ ಯುದ್ಧ ನಡೆದದ್ದು ಇವತ್ತಿನ ಬೆಲ್ಜಿಯಂನಲ್ಲಿ, 1815ರ ಜೂನ್ 18ರಂದು. ಶೂಟಿಂಗ್ ನಡೆದದ್ದು ಉಕ್ರೇನಿನಲ್ಲಿ. ಜಾಗ ವಾಟರ್ಲೂ ತರಹ ಕಾಣಲಿ ಅಂತ ಅಲ್ಲಿ ಗುಡ್ಡ ತಗ್ಗಿಸಿದರು, ಮರ ತಂದು ನೆಟ್ಟರು, ಹೊಲಕ್ಕೆ ಬೀಜ ಬಿತ್ತಿದರು. ನಿಜವಾದ ಯುದ್ಧದ ಹಿಂದಿನ ರಾತ್ರಿ ಜೋರು ಮಳೆ ಸುರಿದಿತ್ತು. ನೆಲ ಒಣಗಲಿ ಅಂತ ಕಾಯುತ್ತಾ ನೆಪೋಲಿಯನ್ ಬೆಳಗಿನ ಹೊತ್ತು ಕಳೆದ. ಅಂದರೆ ಕಥೆಗೆ ಕೆಸರು ಬೇಕೇಬೇಕು. ಅದಕ್ಕಾಗಿ ನೆಲದಡಿ ಪೈಪು ಹಾಕಿ ನೀರು ಹರಿಸಿದರು! ಸೋವಿಯತ್ ಸೇನೆ ಸುಮಾರು 15,000 ಕಾಲಾಳುಗಳನ್ನೂ 2,000 ಕುದುರೆ ಸವಾರರನ್ನೂ ಕೊಟ್ಟಿತು. ಅವರಿಗೆಲ್ಲ ಆ ಕಾಲದ ಕವಾಯತು ಕಲಿಸಿದರು.

ನಾನು ಮತ್ತೆ ಮತ್ತೆ ಹಾಕಿ ನೋಡುವುದು ಒಂದು ದೃಶ್ಯ. ನೆಪೋಲಿಯನ್‌ನ ಸೇನಾಪತಿ ಮಾರ್ಷಲ್ ನೇ, ಕಾಲಾಳುಗಳ ಬೆಂಬಲವೇ ಇಲ್ಲದೆ ಕುದುರೆ ದಳವನ್ನು ನುಗ್ಗಿಸುತ್ತಾನೆ. ಬ್ರಿಟಿಷರು ಚೌಕಾಕಾರದಲ್ಲಿ ನಿಂತು, ನಾಲ್ಕೂ ಕಡೆ ಬಂದೂಕಿನ ತುದಿಗೆ ಸಿಕ್ಕಿಸಿದ ಚೂರಿ, ಅಂದರೆ ಬಾಯೊನೆಟ್ ಚಾಚುತ್ತಾರೆ. ಚೂಪಾದ ಬೇಲಿಯ ಮೇಲೆ ಕುದುರೆ ಬೀಳುವುದಿಲ್ಲ, ಪಕ್ಕಕ್ಕೆ ತಿರುಗುತ್ತದೆ. ಕ್ಯಾಮೆರಾ ಆಕಾಶದಿಂದ ತೋರಿಸುವಾಗ ಸಾವಿರಾರು ಕುದುರೆಗಳು ಆ ಚೌಕಗಳ ಸುತ್ತ ಸುಮ್ನೆ ಸುತ್ತುತ್ತಿರುತ್ತವೆ. ಮಾರ್ಷಲ್ ನೇ ಯಾಕೆ ಸೋತ ಅಂತ ಒಂದು ಮಾತೂ ಇಲ್ಲದೆ ಅರ್ಥವಾಗುತ್ತದೆ. ಸರಿಯಾಗಿ ನೋಡಿ, ಚೌಕದ ಗೆರೆಗಳು ಅಲ್ಲಲ್ಲಿ ಅಲುಗಾಡುತ್ತವೆ. ಶೂಟಿಂಗ್ ಅಂತ ಗೊತ್ತಿದ್ದರೂ ಕುದುರೆ ಮೈಮೇಲೆ ಬರುವಾಗ ಆ ಸೈನಿಕರಿಗೆ ಹೆದರಿಕೆಯಾಗುತ್ತಿತ್ತು. ಆ ಹೆದರಿಕೆಯನ್ನು ಕಂಪ್ಯೂಟರ್ ಇನ್ನೂ ಕೊಟ್ಟಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ನಮ್ಮವರಿಗೆ ಇನ್ನೊಂದು ಕಾರಣವೂ ಇದೆ. ಕ್ರಿಸ್ಟೋಫರ್ ಪ್ಲಮ್ಮರ್ ಮಾಡಿರುವ ವೆಲಿಂಗ್ಟನ್ ಪಾತ್ರ ಬೇರೆ ಯಾರೂ ಅಲ್ಲ, 1799ರಲ್ಲಿ ಟಿಪ್ಪುವಿನ ಮೇಲೆ ಬಂದ ಸೈನ್ಯದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ. ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ಅವನ ಕೈಗೇ ಬಂತು, ದರಿಯಾ ದೌಲತ್‌ನಲ್ಲಿ ಇದ್ದ. ಅದಕ್ಕೂ ಮುಂಚೆ, ಕೋಟೆಯ ಹೊರಗಿನ ಮರಗಳ ತೋಪಿನ ಮೇಲೆ ರಾತ್ರಿ ದಾಳಿಗೆ ಹೋಗಿ ಕತ್ತಲಲ್ಲಿ ದಾರಿ ತಪ್ಪಿ ಹಿಂದಿರುಗಿದವನೂ ಅವನೇ.

ಸಿನಿಮಾ ಸೋತದ್ದರ ಪೆಟ್ಟು ಇನ್ನೊಬ್ಬರಿಗೂ ಬಿತ್ತು. ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ ವರ್ಷಗಟ್ಟಲೆ ಸಿದ್ಧತೆ ಮಾಡಿದ್ದ ನೆಪೋಲಿಯನ್ ಚಿತ್ರ ನಿಂತೇ ಹೋಯಿತು. ಅದಕ್ಕೆ ‘ವಾಟರ್ಲೂ’ ಸೋಲೂ ಒಂದು ಕಾರಣ ಅಂತಾರೆ. ಆ ಸಿದ್ಧತೆಯಲ್ಲಿ ಒಂದಷ್ಟು ಮುಂದೆ ಅವನದೇ 1975ರ ಸಿನಿಮಾ ‘ಬ್ಯಾರಿ ಲಿಂಡನ್’ಗೆ ಉಪಯೋಗಕ್ಕೆ ಬಂತು.

ಕೊರತೆ ಇಲ್ಲದೆ ಇಲ್ಲ. ವೆಲಿಂಗ್ಟನ್ ಜೊತೆ ಹೋರಾಡಿದ ಡಚ್ಚರು, ಬೆಲ್ಜಿಯಂನವರು ಇಲ್ಲಿ ಲೆಕ್ಕಕ್ಕೇ ಇಲ್ಲ, ಅದು ಅನ್ಯಾಯ. ನೆಪೋಲಿಯನ್ ಆಗಿರುವ ರಾಡ್ ಸ್ಟೈಗರ್ ಕೂಗಾಡುವುದು ಜಾಸ್ತಿ. ಯುದ್ಧ ಶುರುವಾಗುವ ಹೊತ್ತಿಗೆ ಹೆಚ್ಚುಕಮ್ಮಿ ಅರ್ಧ ಸಿನಿಮಾ ಮುಗಿದಿರುತ್ತದೆ, ತಾಳ್ಮೆ ಇರಲಿ. ಮತ್ತೆ ಫೋನಿನಲ್ಲಿ ಮಾತ್ರ ನೋಡಬೇಡಿ. ಆ ಚೌಕಗಳು ಸಾಸಿವೆ ಕಾಳಿನಷ್ಟು ಕಾಣುತ್ತವೆ. ಮನೆಯಲ್ಲಿರುವ ದೊಡ್ಡ ಟೀವಿಯಲ್ಲೇ ಹಾಕಿ.